ಕೃಷಿ ಹೊಂಡದ ಲೆಕ್ಕಾಚಾರ: ಮಳೆಗೆ ಮುಂಚಿನ ಸ್ಥಿತಿಯನ್ನು ಗುರುತಿಸುವ ಕ್ರಮ

ಮುಂಗಾರಿನ ಆರಂಭದಲ್ಲಿ, ಒಣಗಿದ ಹೊಲದ ಮೇಲೆ 60 ಮಿ.ಮೀ. ಮಳೆ ಸುರಿದರೂ ಕೃಷಿ ಹೊಂಡದ ತಳದಲ್ಲಷ್ಟೇ ನೀರು ನಿಲ್ಲಬಹುದು. ಸೆಪ್ಟೆಂಬರಿನಲ್ಲಿ ಅದೇ ಹೊಲದ ಮೇಲೆ ಅಷ್ಟೇ ಮಳೆ ಬಿದ್ದಾಗ ಹೊಂಡ ತುಂಬಿ, ಕೋಡಿಯಿಲ್ಲದ ಕಡೆ ದಂಡೆ ಕೊಚ್ಚಿಹೋಗಬಹುದು. ಮಳೆಯ ಪ್ರಮಾಣ ಒಂದೇ ಆದರೂ ಫಲಿತಾಂಶ ಬೇರೆಯಾಗಲು ಮುಖ್ಯ ಕಾರಣ ಮಳೆ ಆರಂಭವಾದಾಗ ಮಣ್ಣಿನಲ್ಲಿದ್ದ ತೇವಾಂಶ ಮತ್ತು ಹೊಂಡದಲ್ಲಿದ್ದ ನೀರಿನ ಮಟ್ಟ. ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಂಡದ ಅಳತೆಯನ್ನಾಗಲಿ ಕೋಡಿಯ ಅಗಲವನ್ನಾಗಲಿ ನಿರ್ಧರಿಸಬಾರದು.

ಮಣ್ಣಿನ ಮೂರು ಸ್ಥಿತಿಗಳು

ಹರಿದು ಬರುವ ನೀರನ್ನು ಅಂದಾಜಿಸಲು ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ ರೂಪಿಸಿದ ಕರ್ವ್ ನಂಬರ್ ವಿಧಾನವು ನಮ್ಮಲ್ಲಿಯೂ ಬಳಕೆಯಲ್ಲಿದೆ. ಇದರಲ್ಲಿ ಹಿಂದಿನ 5 ದಿನಗಳ ಒಟ್ಟು ಮಳೆಯ ಆಧಾರದ ಮೇಲೆ ಮಣ್ಣಿನ ಸ್ಥಿತಿಯನ್ನು ಗುರುತಿಸಲಾಗುತ್ತದೆ. ಹೊಲದಲ್ಲಿ ಬೆಳೆ ಇರುವ ಕಾಲಕ್ಕೆ:

• ಒಣ ಸ್ಥಿತಿ: 36 ಮಿ.ಮೀ.ಗಿಂತ ಕಡಿಮೆ
• ಮಧ್ಯಮ ಸ್ಥಿತಿ: 36ರಿಂದ 53 ಮಿ.ಮೀ.
• ತೇವ ಸ್ಥಿತಿ: 53 ಮಿ.ಮೀ.ಗಿಂತ ಹೆಚ್ಚು

ಬೆಳೆ ಇಲ್ಲದ ಕಾಲದಲ್ಲಿ ಮಣ್ಣಿನಿಂದ ನೀರು ನಿಧಾನವಾಗಿ ಆರುವುದರಿಂದ ಈ ಮಿತಿಗಳು ಕ್ರಮವಾಗಿ 13 ಮತ್ತು 28 ಮಿ.ಮೀ.ಗೆ ಇಳಿಯುತ್ತವೆ.

ಮಣ್ಣಿನ ಗುಂಪು, ಬೆಳೆ ಮತ್ತು ಬದುಗಳ ಸ್ಥಿತಿಯನ್ನು ನೋಡಿ ಕೋಷ್ಟಕದಿಂದ ಪಡೆಯುವ ಕರ್ವ್ ನಂಬರ್ ಮಧ್ಯಮ ಸ್ಥಿತಿಗೆ ಸಂಬಂಧಿಸಿದ್ದು. ಅದನ್ನು ಎಲ್ಲ ಕಾಲಕ್ಕೂ ಬಳಸುವುದು ಸರಿಯಲ್ಲ. ಉದಾಹರಣೆಗೆ, ಮಧ್ಯಮ ಸ್ಥಿತಿಯಲ್ಲಿ 80 ಇರುವ ಸಂಖ್ಯೆ ಒಣ ಸ್ಥಿತಿಯಲ್ಲಿ ಸುಮಾರು 64, ತೇವ ಸ್ಥಿತಿಯಲ್ಲಿ ಸುಮಾರು 90 ಆಗುತ್ತದೆ.

ಲೆಕ್ಕ ಮಾಡುವ ವಿಧಾನ

25400ನ್ನು ಕರ್ವ್ ನಂಬರಿನಿಂದ ಭಾಗಿಸಿ 254 ಕಳೆದರೆ ಮಣ್ಣು ಹಿಡಿದಿಡಬಲ್ಲ ಗರಿಷ್ಠ ನೀರು ಮಿ.ಮೀ.ನಲ್ಲಿ ದೊರೆಯುತ್ತದೆ. ಕೆಂಪು ಮಣ್ಣಿನಲ್ಲಿ ಇದರ 0.3 ಪಾಲನ್ನು ಮಳೆಯಿಂದ ಕಳೆಯಬೇಕು. ಉಳಿದುದರ ವರ್ಗವನ್ನು, ಮಳೆಗೆ ಆ ಗರಿಷ್ಠ ಪ್ರಮಾಣದ 0.7 ಪಾಲನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ ಹರಿದು ಬರುವ ನೀರಿನ ಪ್ರಮಾಣ ತಿಳಿಯುತ್ತದೆ. ಮಳೆಯು 0.3 ಪಾಲಿಗಿಂತ ಕಡಿಮೆಯಿದ್ದರೆ ಹರಿವು ಇಲ್ಲವೆಂದೇ ತಿಳಿಯಬೇಕು.

1 ಹೆಕ್ಟೇರ್ ಕೆಂಪು ಮಣ್ಣಿನ ಹೊಲದ ಮೇಲೆ 60 ಮಿ.ಮೀ. ಮಳೆಯಾದರೆ ಹರಿದು ಬರುವ ನೀರು:

• ಒಣ ಸ್ಥಿತಿಯಲ್ಲಿ ಸುಮಾರು 2 ಮಿ.ಮೀ., ಅಂದರೆ 20 ಘನ ಮೀಟರ್
• ಮಧ್ಯಮ ಸ್ಥಿತಿಯಲ್ಲಿ ಸುಮಾರು 16 ಮಿ.ಮೀ., ಅಂದರೆ 160 ಘನ ಮೀಟರ್
• ತೇವ ಸ್ಥಿತಿಯಲ್ಲಿ ಸುಮಾರು 33 ಮಿ.ಮೀ., ಅಂದರೆ 330 ಘನ ಮೀಟರ್

ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ ಹಾಗೂ 1:1 ಇಳಿಜಾರಿನ ಹೊಂಡದಲ್ಲಿ ಹಿಡಿಯುವ ನೀರು 252 ಘನ ಮೀಟರ್ ಮಾತ್ರ. ತೇವ ಸ್ಥಿತಿಯಲ್ಲಿ ಖಾಲಿ ಹೊಂಡವೂ ಒಂದೇ ಮಳೆಗೆ ತುಂಬಿ ಹೊರಹರಿಯುತ್ತದೆ. ಹೊಂಡ ಮೊದಲೇ ಅರ್ಧ ತುಂಬಿದ್ದರೆ ಉಳಿದ ಜಾಗ 126 ಘನ ಮೀಟರ್; ಆಗ ಮಧ್ಯಮ ಸ್ಥಿತಿಯ ಮಳೆಗೂ ಕೋಡಿ ಹರಿಯುತ್ತದೆ.

ಕಪ್ಪು ಮಣ್ಣಿನ ವಿಶೇಷ

ಬೇಸಿಗೆಯಲ್ಲಿ ಬಿರುಕು ಬಿಟ್ಟ ಕಪ್ಪು ಮಣ್ಣು ಮೊದಲ ಮಳೆಯ ನೀರನ್ನು ಬಿರುಕುಗಳೊಳಗೆ ಇಳಿಸಿಕೊಳ್ಳುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಆದ್ದರಿಂದ ಕಪ್ಪು ಮಣ್ಣಿನಲ್ಲಿ ಒಣ ಸ್ಥಿತಿಗೆ 0.3 ಪಾಲನ್ನು ಕಳೆದರೆ, ಮಧ್ಯಮ ಮತ್ತು ತೇವ ಸ್ಥಿತಿಗೆ 0.1 ಪಾಲನ್ನು ಮಾತ್ರ ಕಳೆಯಬೇಕು. ಆಗ ಕೂಡಿಸಬೇಕಾದದ್ದು 0.7ರ ಬದಲು 0.9 ಪಾಲು. ಕರ್ವ್ ನಂಬರ್ 80 ಎಂದೇ ಇಟ್ಟುಕೊಂಡರೂ ಮಧ್ಯಮ ಸ್ಥಿತಿಯ ಹರಿವು 16ರಿಂದ ಸುಮಾರು 25 ಮಿ.ಮೀ.ಗೆ ಏರುತ್ತದೆ.

ಕಂಪ್ಯೂಟರ್ ಮಾದರಿ ಬಳಸುವ ವಿಸ್ತರಣಾ ಕಾರ್ಯಕರ್ತರಿಗೆ

ಪಟ್ಟಣಗಳ ಮಳೆನೀರು ಚರಂಡಿ ಮತ್ತು ಒಳಚರಂಡಿ ಮಾದರಿಗಳಲ್ಲಿ ಆರಂಭಿಕ ಹರಿವನ್ನು ನಮೂದಿಸದಿದ್ದರೆ ಕೊಳವೆಗಳು ಖಾಲಿ ಇವೆಯೆಂದೇ ಗಣನೆ ಆರಂಭವಾಗುವುದುಂಟು. ಜಲಾನಯನ ಪ್ರದೇಶದ ಮಾದರಿಯಲ್ಲಿಯೂ ಹಳ್ಳ ಒಣಗಿದೆ, ಹೊಂಡ ಖಾಲಿಯಿದೆ ಎಂದು ಭಾವಿಸಿದರೆ ಪ್ರವಾಹದ ಅಂದಾಜು ವಾಸ್ತವಕ್ಕಿಂತ ಕಡಿಮೆ ಬರುತ್ತದೆ. ಇದನ್ನು ತಪ್ಪಿಸಲು ಪರಿಶೀಲಿಸಬೇಕಾದ ಮಳೆಗಿಂತ ಹಲವು ದಿನ ಮುಂಚಿನಿಂದಲೇ ನೈಜ ಮಳೆಯ ಅಂಕಿ-ಅಂಶ ನೀಡಿ ಮಾದರಿಯನ್ನು ಓಡಿಸಬೇಕು; ಆ ಆರಂಭದ ದಿನಗಳ ಫಲಿತಾಂಶವನ್ನು ಕೈಬಿಡಬೇಕು. ಆರಂಭದ ದಿನವನ್ನು ಇನ್ನಷ್ಟು ಹಿಂದಕ್ಕೆ ಸರಿಸಿದರೂ ಮುಖ್ಯ ಮಳೆಯ ಫಲಿತಾಂಶ ಬದಲಾಗದಿದ್ದರೆ ಆರಂಭಿಕ ಸ್ಥಿತಿ ಸರಿಯಾಗಿದೆ ಎಂದು ತಿಳಿಯಬಹುದು.

ಅನುಸರಿಸಬೇಕಾದ ಕ್ರಮಗಳು

1. ಹೊಂಡಕ್ಕೆ ಎಷ್ಟು ನೀರು ಖಚಿತವಾಗಿ ದೊರೆಯುವುದೆಂದು ತಿಳಿಯಲು ಒಣ ಮತ್ತು ಮಧ್ಯಮ ಸ್ಥಿತಿಗಳ ಲೆಕ್ಕವನ್ನು ಆಧರಿಸಿ. ತೇವ ಸ್ಥಿತಿಯ ಲೆಕ್ಕವನ್ನು ನಂಬಿ ದೊಡ್ಡ ಹೊಂಡ ತೆಗೆಸಿದರೆ ಅದು ತುಂಬದೆ ಉಳಿದು ಖರ್ಚು ವ್ಯರ್ಥವಾಗಬಹುದು.
2. ಕೋಡಿಯ ಅಳತೆಯನ್ನು ಮಾತ್ರ ಮಣ್ಣು ತೇವವಾಗಿದ್ದು ಹೊಂಡ ತುಂಬಿರುವ ಸ್ಥಿತಿಗೆ ನಿಗದಿಪಡಿಸಿ. ಕೋಡಿಯಿಂದ ಹೊರಹೋಗುವ ನೀರು ಹುಲ್ಲು ಬೆಳೆಸಿದ ಕಾಲುವೆಯ ಮೂಲಕ ಹಳ್ಳ ಸೇರಲಿ.
3. ದಿನದ ಮಳೆಯನ್ನು ಬರೆದಿಟ್ಟುಕೊಂಡು ಹಿಂದಿನ 5 ದಿನಗಳ ಮೊತ್ತವನ್ನು ಕೂಡಿಸುತ್ತಿರಿ. ಸ್ವಂತ ಮಳೆಮಾಪಕ ಇಲ್ಲದಿದ್ದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಮಾಹಿತಿಯನ್ನು ಬಳಸಬಹುದು.
4. ಹೊಂಡದಲ್ಲಿ ಅಳತೆಯ ಗುರುತುಳ್ಳ ಕಂಬ ನೆಟ್ಟು ನೀರಿನ ಮಟ್ಟ ಗಮನಿಸಿ. ತಳದ ಹೂಳಿನಿಂದಲೂ ಜಾಗ ಕಡಿಮೆಯಾಗುವುದರಿಂದ ಅದನ್ನು ಕಳೆದು ಲೆಕ್ಕ ಹಾಕಿ.
5. ಐದು ದಿನಗಳ ಮಳೆ 53 ಮಿ.ಮೀ. ದಾಟಿ ಹೊಂಡ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ, ಮುಂದಿನ ಮಳೆಗೆ ಮೊದಲೇ ಕೋಡಿಯ ಬಾಯಲ್ಲಿ ಸಿಕ್ಕಿರುವ ಕಸಕಡ್ಡಿ ತೆಗೆದು, ದಂಡೆಯಲ್ಲಿ ಬಿರುಕು ಅಥವಾ ಇಲಿ-ಏಡಿಗಳ ಬಿಲಗಳಿದ್ದರೆ ಮುಚ್ಚಿ ಗಟ್ಟಿಗೊಳಿಸಿ.