ಮನೆಯಲ್ಲಿ ಕಟ್ಟುವ ಮೀನಿನ ತೊಟ್ಟಿಯೂ ಅಂಟುಪಟ್ಟಿಯ ಉಪಯೋಗವೂ

ಅಲಂಕಾರದ ಮೀನುಗಳನ್ನು ಸಾಕಲಿಚ್ಛಿಸುವವರಲ್ಲಿ ಕೆಲವರು ಅಂಗಡಿಯ ತೊಟ್ಟಿಯನ್ನು ಕೊಳ್ಳದೆ, ಗಾಜನ್ನು ಕತ್ತರಿಸಿ ತರಿಸಿ ತಾವೇ ಕಟ್ಟಿಕೊಳ್ಳುವುದುಂಟು. ಇದರಿಂದ ಖರ್ಚು ಉಳಿಯುವುದಲ್ಲದೆ ಬೇಕಾದ ಅಳತೆಯೂ ದೊರೆಯುವುದು. ನೀರಿಗೆ ಬಿಡದ ಬಲವಾದ ಅಂಟುಪಟ್ಟಿ, ಎಂದರೆ ಟೇಪು, ಸುಲಭವಾಗಿ ಸಿಕ್ಕುವುದರಿಂದ, ಅದೊಂದರಿಂದಲೇ ಗಾಜುಗಳನ್ನು ಸೇರಿಸಬಹುದೆಂದು ಹಲವರು ಭಾವಿಸುವರು. ಇದು ಅಪಾಯಕರ. ತೊಟ್ಟಿಯನ್ನು ಕಟ್ಟುವಾಗ ಪಟ್ಟಿಯು ಒಳ್ಳೆಯ ಸಹಾಯಕವೇ ಹೊರತು, ಕಟ್ಟಿದ ತೊಟ್ಟಿಗೆ ಆಧಾರವಾಗಲಾರದು.

ನೀರಿನ ಒತ್ತಡ.— 60 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರು ನೀರು ಹಿಡಿಯುವುದು; ಅದರ ತೂಕ 50 ಕಿಲೋಗ್ರಾಂ. ಈ ನೀರು ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ಒತ್ತುವುದು. ಮುಂಭಾಗದ ಗಾಜೊಂದನ್ನೇ ಸುಮಾರು 26 ಕಿಲೋಗ್ರಾಂ ಬಲವು ಹೊರಕ್ಕೆ ತಳ್ಳುತ್ತಿರುವುದು. ತಳದ ಬಳಿ ಒತ್ತಡವು ಅತ್ಯಧಿಕ. ನೀರಿನ ಆಳವನ್ನು ಎರಡರಷ್ಟು ಮಾಡಿದರೆ ಗಾಜಿನ ಮೇಲಿನ ಬಲವು ನಾಲ್ಕರಷ್ಟಾಗುವುದು. ಆದಕಾರಣ ಹೊಸಬರು ಎತ್ತರದ ತೊಟ್ಟಿಗೆ ಕೈಹಾಕಬಾರದು.

ಪಟ್ಟಿಯ ಗುಣ.— ಪಟ್ಟಿಯ ಅಂಟು ಪೂರ್ಣವಾಗಿ ಗಟ್ಟಿಯಾಗದೆ ಸದಾ ಮೆತುವಾಗಿರತಕ್ಕದ್ದು. ಒಂದು ಗಳಿಗೆ ಎಳೆದರೆ ಅದು ಬಿಡದು. ಹಗಲಿರುಳು ಎಳೆಯುತ್ತಿದ್ದರೆ ಮೆಲ್ಲಮೆಲ್ಲನೆ ಜಾರುವುದು. ಬೇಸಗೆಯ ಶಾಖಕ್ಕೆ ಇನ್ನಷ್ಟು ಮೆತ್ತಗಾಗುವುದು. ಒಂದು ಮೂಲೆ ಎದ್ದಿತೆಂದರೆ ಅಲ್ಲಿಂದ ಸುಲಿಯುತ್ತ ಹೋಗುವುದು. ಮೊದಲ ದಿನ ಸೋರದ ತೊಟ್ಟಿಯು ಮುಂದೊಂದು ರಾತ್ರಿ ಒಡೆಯಬಹುದಾದ ಕಾರಣವಿದೇ. ಆಗ ಮೀನುಗಳು ಸಾಯುವುವು. ಒಡೆದ ಗಾಜಿನಿಂದಲೂ, ನೀರು ತಗುಲಿದ ವಿದ್ಯುತ್ತಿನ ತಂತಿಗಳಿಂದಲೂ ಮನೆಯವರಿಗೆ ಅಪಾಯವುಂಟು.

ಕಟ್ಟುವ ಕ್ರಮ.— ಮೇಲಿನ ಅಳತೆಗೆ 6 ಮಿಲಿಮೀಟರು ದಪ್ಪದ ಗಾಜು ಸಾಕು. ಅಂಚುಗಳನ್ನು ಅಂಗಡಿಯಲ್ಲಿಯೇ ಉಜ್ಜಿಸಿ, ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸತಕ್ಕದ್ದು. ಗಾಜನ್ನು ಸೇರಿಸಲು ಮೀನಿನ ತೊಟ್ಟಿಗೆಂದೇ ಮಾರುವ ಸಿಲಿಕೋನ್ ಅಂಟು ಉತ್ತಮ. ಬಚ್ಚಲುಮನೆಗೆಂದು ಬೂಷ್ಟು ತಡೆಯುವ ಔಷಧವನ್ನು ಬೆರೆಸಿದ ಅಂಟು ಮೀನುಗಳಿಗೆ ವಿಷವಾಗುವುದು. ತಳದ ಗಾಜಿನ ಅಂಚಿಗೆ ಅಂಟನ್ನು ಸಮನಾಗಿ ಹಾಕಿ, ಹಿಂದಿನ ಗಾಜು, ಎರಡು ಪಕ್ಕದ ಗಾಜುಗಳು, ಕಡೆಗೆ ಮುಂದಿನ ಗಾಜು, ಹೀಗೆ ನಿಲ್ಲಿಸತಕ್ಕದ್ದು. ಅಂಟುಪಟ್ಟಿಯ ನಿಜವಾದ ಕೆಲಸವು ಇಲ್ಲಿಯೇ. ಹೊರಗಿನ ಮೂಲೆಗಳಿಗೆ ಅಡ್ಡಲಾಗಿ ತುಂಡುತುಂಡಾಗಿ ಅದನ್ನು ಬಿಗಿದರೆ ಗಾಜುಗಳು ಅಲುಗದೆ ನೆಟ್ಟಗೆ ನಿಲ್ಲುವುವು. ಬಳಿಕ ಒಳಮೂಲೆಗಳಿಗೆ ಮತ್ತೊಂದು ಸಾಲು ಅಂಟನ್ನು ಹಾಕಿ ಬೆರಳಿನಿಂದ ಸವರತಕ್ಕದ್ದು. ಎರಡು ದಿನಗಳಾದ ಮೇಲೆ ಪಟ್ಟಿಯನ್ನು ತೆಗೆಯಬಹುದು. ಒಂದು ವಾರ ಕಳೆದು ಅಂಟಿನ ಹುಳಿವಾಸನೆಯು ಪೂರಾ ಹೋಗುವವರೆಗೆ ನೀರು ತುಂಬಬಾರದು.

ಪರೀಕ್ಷೆ.— ತೊಟ್ಟಿಯನ್ನು ಮನೆಯ ಹೊರಗೆ ಮಟ್ಟವಾದ ಜಾಗದಲ್ಲಿ, ದಪ್ಪ ಬಟ್ಟೆಯ ಮೇಲೆ ಇರಿಸಿ, ಸುತ್ತಲೂ ಹಳೆಯ ಕಾಗದವನ್ನು ಹಾಸತಕ್ಕದ್ದು. ಮೂರು ಸಲಕ್ಕೆ ಸ್ವಲ್ಪಸ್ವಲ್ಪವಾಗಿ ನೀರು ತುಂಬಿ ಎರಡು ದಿನ ಬಿಟ್ಟರೆ, ಸೋರಿಕೆಯಿದ್ದಲ್ಲಿ ಕಾಗದವೇ ತೋರಿಸಿಕೊಡುವುದು. ಸೋರುವ ಕಡೆ ಹೊರಗಿನಿಂದ ಪಟ್ಟಿ ಹಚ್ಚಿ ಸುಮ್ಮನಾಗುವುದು ತಪ್ಪು. ನೀರು ಅದನ್ನು ಒಳಗಿನಿಂದ ತಳ್ಳುತ್ತಲೇ ಇರುವುದು. ಹೊಸ ಸಿಲಿಕೋನು ಹಳೆಯದಕ್ಕೆ ಚೆನ್ನಾಗಿ ಅಂಟದಾದ್ದರಿಂದ, ಹಳೆಯದನ್ನು ಪೂರ್ತಿಯಾಗಿ ಕೆರೆದು ತೆಗೆದು ಪುನಃ ಹಾಕಬೇಕು. ನೀರು ತುಂಬಿದ ತೊಟ್ಟಿಯನ್ನು ಎಂದಿಗೂ ಎತ್ತಬಾರದು.

ಮೀನಿರುವ ತೊಟ್ಟಿಯು ಹಠಾತ್ತಾಗಿ ಸೋರಿದಾಗ, ಮೀನುಗಳನ್ನು ಬೇರೆ ಪಾತ್ರೆಗೆ ಸಾಗಿಸುವಷ್ಟು ಹೊತ್ತು ಸೋರಿಕೆಯನ್ನು ತಗ್ಗಿಸಲು ಪಟ್ಟಿಯು ನೆರವಾಗಬಹುದು. ಆದಕಾರಣ ಒಂದು ಸುರುಳಿಯನ್ನು ಮನೆಯಲ್ಲಿಟ್ಟಿರುವುದು ಲೇಸು. ತೊಟ್ಟಿಯ ಭಾರವನ್ನು ಮಾತ್ರ ಅದರ ಮೇಲೆ ಹೊರಿಸಲಾಗದು.