ವಿಯೆನ್ನಾದ ಕಿವಿ ವೈದ್ಯರು

ಪಿಚಕಾರಿಯಲ್ಲಿ ನೀರು ಬಿಟ್ಟು ಕಿವಿ ತೊಳೆಸಿಕೊಂಡ ಕೆಲವರಿಗೆ ತಲೆ ಗಿರ್ರೆನ್ನುತ್ತದೆ. ವೈದ್ಯರಿಗೆ ಇದು ಹೊಸದಲ್ಲ. ಸ್ವಲ್ಪ ಹೊತ್ತು ಕೂರಿಸಿ ಕಳಿಸಿದರೆ ಮುಗಿಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಕಿವಿ ಚಿಕಿತ್ಸಾಲಯದಲ್ಲಿದ್ದ ರಾಬರ್ಟ್ ಬಾರಾನಿ ಎಂಬ ಕಿರಿಯ ವೈದ್ಯರು ಹಾಗೆ ಕಳಿಸಲಿಲ್ಲ, ರೋಗಿಯ ಕಣ್ಣು ನೋಡಿದರು. ಕಣ್ಣುಗುಡ್ಡೆಗಳು ಒಂದೇ ಕಡೆಗೆ ಮತ್ತೆ ಮತ್ತೆ ಜಗ್ಗುತ್ತಿದ್ದವು. ಒಬ್ಬ ರೋಗಿ, ನೀರು ತಣ್ಣಗಿದ್ದರೆ ಮಾತ್ರ ಹೀಗಾಗುತ್ತದೆ ಎಂದ. ಬಾರಾನಿ ನರ್ಸಿಗೆ ಹೇಳಿ ಬಿಸಿ ನೀರು ತರಿಸಿದರು. ಅದು ತುಸು ಹೆಚ್ಚೇ ಬಿಸಿಯಾಗಿತ್ತು. ಆತನಿಗೆ ಮತ್ತೆ ತಲೆ ಸುತ್ತಿತು, ಆದರೆ ಕಣ್ಣು ಈ ಸಲ ಎದುರು ದಿಕ್ಕಿಗೆ ಓಡುತ್ತಿತ್ತು!

ಬಾರಾನಿಗೆ ಆಗ ನೆನಪಾದದ್ದು ಬಾಲ್ಯದಲ್ಲಿ ಕಂಡ ಸ್ನಾನದ ಹಂಡೆ. ಮೇಲಿನ ನೀರು ಕೈ ಸುಡುತ್ತಿದ್ದರೂ ತಳದ್ದು ತಣ್ಣಗೇ ಇರುತ್ತದೆ. ದೇಹದ ಸಮತೋಲ ಕಾಯುವ, ಕಿವಿಯೊಳಗಿನ ಅರೆವೃತ್ತ ನಾಳಗಳ ದ್ರವವೂ ಬಿಸಿ ತಾಗಿದರೆ ಮೇಲೇರಿ, ತಂಪು ತಾಗಿದರೆ ಕೆಳಗಿಳಿಯಬೇಕಲ್ಲ? ಹಾಗಿದ್ದರೆ ತಲೆಯನ್ನು ತಿರುಗಿಸಿದಾಗ ಕಣ್ಣಿನ ಓಟವೂ ತಿರುಗಬೇಕು. ತಿರುಗಿತು. 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನಮ್ಮೂರ ಇಎನ್‌ಟಿ ವೈದ್ಯರು ಇಂದೂ ಮಾಡುವ ಕ್ಯಾಲೋರಿಕ್ ಪರೀಕ್ಷೆಯ ಬೇರು ಇಲ್ಲಿದೆ.

ಆ ಚಿಕಿತ್ಸಾಲಯವನ್ನು 1873ರಲ್ಲಿ ಆಡಂ ಪೊಲಿಟ್ಸರ್ ಮತ್ತು ಯೋಸೆಫ್ ಗ್ರೂಬರ್ ಕಟ್ಟಿದರು. ಕಿವಿಗೆಂದೇ ಮೀಸಲಾದ, ಜಗತ್ತಿನ ಮೊದಲ ವಿಶ್ವವಿದ್ಯಾಲಯ ಚಿಕಿತ್ಸಾಲಯ ಅದು. ಗಂಟಲಿನದು 1870ರಲ್ಲೇ ಬೇರೆಯಾಗಿ ಶುರುವಾಗಿತ್ತು. ಪೊಲಿಟ್ಸರ್ 1863ರಲ್ಲೇ ರಬ್ಬರ್ ಬುರುಡೆಯ ಉಪಾಯವೊಂದನ್ನು ಪ್ರಕಟಿಸಿದ್ದರು: ರೋಗಿ ಬಾಯಲ್ಲಿಟ್ಟುಕೊಂಡ ನೀರನ್ನು ನುಂಗುವ ಕ್ಷಣಕ್ಕೆ ಸರಿಯಾಗಿ ಮೂಗಿನೊಳಕ್ಕೆ ಗಾಳಿ ಒತ್ತಿದರೆ ಅದು ನಡುಗಿವಿಗೆ ನುಗ್ಗುತ್ತದೆ.

ಬಾರಾನಿಯ ಕಥೆ ಸುಖವಾಗಿ ಮುಗಿಯಲಿಲ್ಲ. ಈ ಕೆಲಸಕ್ಕೆ ಬಂದ 1914ರ ನೊಬೆಲ್ ಪ್ರಶಸ್ತಿಯ ಸುದ್ದಿ ಅವರನ್ನು ಮುಟ್ಟಿದಾಗ ಅವರು ರಷ್ಯನ್ನರ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ನಡುವೆ ಬಂದು 1916ರಲ್ಲಿ ಬಿಡಿಸಿದರು. ತಾಯ್ನಾಡಿಗೆ ಮರಳಿದವರಿಗೆ ಸಿಕ್ಕಿದ್ದು ಹಾರವಲ್ಲ, ಬೇರೆಯವರ ಸಂಶೋಧನೆಗೆ ಸಲ್ಲಬೇಕಾದ ಮನ್ನಣೆ ಕೊಡಲಿಲ್ಲವೆಂಬ ಸಹೋದ್ಯೋಗಿಗಳ ಆರೋಪ. ನೊಂದ ಬಾರಾನಿ ಉಪ್ಸಾಲಕ್ಕೆ ಹೋಗಿ, 1936ರಲ್ಲಿ ಅಲ್ಲೇ ತೀರಿಕೊಂಡರು. ಮನೆಯ ದೀಪವನ್ನು ಊದಿ ಆರಿಸುವ ಈ ಚಾಳಿ ವಿಶ್ವವಿದ್ಯಾಲಯಗಳಿಗೆ ಎಲ್ಲೆಲ್ಲೂ ಇದ್ದದ್ದೇ.

1938ರಲ್ಲಿ ನಾಜಿಗಳು ಬಂದರು. ಫ್ರಾಯ್ಡ್‌ಗೆ ಶಸ್ತ್ರಚಿಕಿತ್ಸೆ ಮಾಡಿದ್ದ, ಕಾಫ್ಕಾ ದಾಖಲಾಗಿದ್ದ ಗಂಟಲು ಚಿಕಿತ್ಸಾಲಯದ ಮಾರ್ಕುಸ್ ಹಾಯೆಕ್ ಲಂಡನ್ನಿಗೆ ಓಡಬೇಕಾಯಿತು. ಕಿವಿ ಚಿಕಿತ್ಸಾಲಯದ ಹೈನ್‌ರಿಕ್ ನಾಯ್‌ಮನ್, ಆಸ್ಟ್ರಿಯಾದ ಯಹೂದಿಗಳಿಗೆ ನೆಲೆ ಕೇಳಲು ಎವಿಯಾನ್ ಸಮ್ಮೇಳನಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ಮರುವರ್ಷ ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದರು.

ವಿಯೆನ್ನಾ ಮತ್ತೆ ಸುದ್ದಿ ಮಾಡಿದ್ದು 1977ರ ಡಿಸೆಂಬರಿನಲ್ಲಿ. ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ಎಂಬ ಎಂಜಿನಿಯರ್ ದಂಪತಿ ರೂಪಿಸಿದ , ಕಿವುಡರಿಗೆ ಕೇಳಿಸುವಂತೆ ಮಾಡುವ ಹಲವು ಚಾನೆಲ್‌ಗಳ ಕಾಕ್ಲಿಯರ್ ಇಂಪ್ಲಾಂಟನ್ನು ಅಲ್ಲಿನ ಶಸ್ತ್ರವೈದ್ಯ ಕುರ್ಟ್ ಬುರಿಯನ್ ರೋಗಿಯೊಬ್ಬರಿಗೆ ಅಳವಡಿಸಿದರು. ಆ ದಂಪತಿಯೂ ಮುಂದೆ ವಿಯೆನ್ನಾ ಬಿಟ್ಟು ಇನ್ಸ್‌ಬ್ರುಕ್ ಸೇರಿ, ಕಂಪನಿ ಕಟ್ಟಿದ್ದು ಅಲ್ಲೇ.