ಟ್ರೇಡ್ ಅನ್ಯಾಯ ಅಂತ ಹೇಳೋರು ಯಾರು? ಕಂಪ್ಯೂಟರ್ ಬೇಸ್‌ಬಾಲ್ ಲೀಗಿನ ಒಂದು ಜಗಳ

ಇವತ್ತು ಒಂದು ವಿಚಿತ್ರ ಜಗಳದ ಬಗ್ಗೆ ಮಾತಾಡೋಣ. ಜಗಳ ಬೇಸ್‌ಬಾಲ್ ವಿಷಯಕ್ಕೆ, ಆದ್ರೆ ಯಾರೂ ಮೈದಾನಕ್ಕೆ ಇಳಿದಿರಲಿಲ್ಲ. ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು. ಹಾಗಿದ್ರೂ ಒಬ್ಬರು ಬೇಜಾರಾಗಿ ಲೀಗ್ ಬಿಟ್ಟೇ ಹೋದರು. ಅದರಲ್ಲಿ ನನ್ನ ತಪ್ಪೂ ಇದೆ.

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಅನ್ನೋ ಗೇಮ್ 1999ರಿಂದ ಇದೆ. ಇದರಲ್ಲಿ ನೀವು ಬ್ಯಾಟ್ ಬೀಸೋದಿಲ್ಲ, ತಂಡದ ಜನರಲ್ ಮ್ಯಾನೇಜರ್ ಆಗ್ತೀರಿ. ಆನ್‌ಲೈನ್ ಲೀಗ್‌ನಲ್ಲಿ ತಂಡಕ್ಕೊಬ್ಬರು. ಎಲ್ಲರೂ ತಮ್ಮ ನಿರ್ಧಾರ ಕಳಿಸ್ತಾರೆ, ಕಮಿಷನರ್ ಆಗಿರೋರು ಪಂದ್ಯಗಳನ್ನು ಓಡಿಸ್ತಾರೆ. ಪ್ರತಿ ಆಟಗಾರನಿಗೂ ಇವತ್ತಿನ ಸಾಮರ್ಥ್ಯಕ್ಕೆ ಒಂದು ಅಂಕ, ಮುಂದೆ ಎಷ್ಟು ಬೆಳೀಬಹುದು ಅನ್ನೋದಕ್ಕೆ ಇನ್ನೊಂದು. ತಕರಾರೆಲ್ಲ ಈ ಎರಡನೇ ಅಂಕದ್ದೇ. ಅದು ಸ್ಕೌಟ್ ಕೊಡೋ ಅಂದಾಜು. ಗಾಯ ಆದ್ರೆ ಕುಸಿಯುತ್ತೆ, ಕೆಲವೊಮ್ಮೆ ಏನೂ ಆಗದೆಯೂ ಕುಸಿಯುತ್ತೆ.

ನಮ್ಮ ಲೀಗ್‌ಗೆ ಹೊಸಬರೊಬ್ಬರು ಬಂದರು. ಸಿಕ್ಕಿದ್ದು ಕೊನೇ ಸ್ಥಾನದ ತಂಡ. ಮೂರನೇ ವಾರಕ್ಕೇ ತಮ್ಮಲ್ಲಿದ್ದ ಒಬ್ಬನೇ ಸ್ಟಾರ್, 29 ವರ್ಷದ ಶಾರ್ಟ್‌ಸ್ಟಾಪ್ ಫೀಲ್ಡರ್‌ನನ್ನು ಕೊಟ್ಟು ಮೂವರು ಎಳೇ ಹುಡುಗರನ್ನು ತಗೊಂಡರು. ಗಲಾಟೆ ಶುರು. "ಹೊಸಬರಿಗೆ ನಾಮ ಹಾಕಿದ್ರು" ಅಂದರು ಕೆಲವರು. ಮೂರನೇ ಒಂದು ಭಾಗದಷ್ಟು ಜನ ಬೇಡ ಅಂದ್ರೆ ಟ್ರೇಡ್ ರದ್ದು, ಅದು ನಮ್ಮ ನಿಯಮ. ನಾನೂ ಬೇಡ ಅಂತಲೇ ಒತ್ತಿದೆ.

ಈಗ ನಿಜವಾದ ಬೇಸ್‌ಬಾಲ್‌ಗೆ ಬನ್ನಿ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡ ಅಟ್ಲಾಂಟಾದಿಂದ ಡಾಯ್ಲ್ ಅಲೆಕ್ಸಾಂಡರ್ ಅನ್ನೋ 36 ವರ್ಷದ ಪಿಚರ್‌ನನ್ನು ತಂತು. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಬದಲಿಗೆ ಕೊಟ್ಟಿದ್ದು ಮೈನರ್ ಲೀಗ್‌ನಲ್ಲಿ ಒದ್ದಾಡ್ತಿದ್ದ 20 ವರ್ಷದ ಜಾನ್ ಸ್ಮೋಲ್ಟ್ಜ್‌ನನ್ನು. ಅಲೆಕ್ಸಾಂಡರ್ ಆ ಸೀಸನ್‌ನ ಉಳಿದ ಭಾಗದಲ್ಲಿ 9 ಗೆದ್ದ, ಒಂದೂ ಸೋಲಲಿಲ್ಲ. ಡೆಟ್ರಾಯಿಟ್ ತನ್ನ ಡಿವಿಷನ್ ಗೆದ್ದಿತು. ಅವತ್ತು ಕೇಳಿದ್ರೆ ಲಾಭ ಡೆಟ್ರಾಯಿಟ್‌ಗೆ. ಆದ್ರೆ ಅಲೆಕ್ಸಾಂಡರ್ 1989ರ ನಂತರ ಆಡಲೇ ಇಲ್ಲ. ಸ್ಮೋಲ್ಟ್ಜ್ 213 ಪಂದ್ಯ ಗೆದ್ದು 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇವತ್ತಿಗೂ ಇದನ್ನು ಏಕಪಕ್ಷೀಯ ಟ್ರೇಡ್ ಅಂತ ಉದಾಹರಣೆ ಕೊಡ್ತಾರೆ. ನನಗದು ಒಪ್ಪಿಗೆ ಇಲ್ಲ. ಡೆಟ್ರಾಯಿಟ್‌ಗೆ ಬೇಕಾಗಿದ್ದು ಆ ವರ್ಷದ ಗೆಲುವು, ಅಟ್ಲಾಂಟಾಗೆ ಬೇಕಾಗಿದ್ದು ನಾಳೆ. ಇಬ್ಬರಿಗೂ ಕೇಳಿದ್ದು ಸಿಕ್ತು.

ಹಾಗಾದ್ರೆ ಯಾವ ಟ್ರೇಡ್ ತಡೀಬೇಕು? ಒಳ ಒಪ್ಪಂದ ಇದ್ರೆ ಖಂಡಿತ ತಡೀಬೇಕು. ಲೀಗ್ ಬಿಡೋರು ಹೋಗ್ತಾ ಹೋಗ್ತಾ ತಮ್ಮ ಆಟಗಾರರನ್ನೆಲ್ಲ ಗೆಳೆಯನಿಗೆ ದಾನ ಮಾಡೋದುಂಟು, ಅದು ಮೋಸ. ಲೆಕ್ಕ ತಪ್ಪೋದು ಮೋಸ ಅಲ್ಲ. ಹೊಸಬರಿಗೆ ಎರಡು ದಿನ ಯೋಚನೆಗೆ ಅವಕಾಶ ಕೊಡಿ, ಹಳಬರು ಬುದ್ಧಿ ಹೇಳಲಿ, ಸರಿ. ಆದ್ರೆ ಕೊನೇ ಮಾತು ಅವರದ್ದೇ ಆಗಬೇಕು.

ಮತ್ತೆ ತಡೆಯೋರು ಯಾರು ಅನ್ನೋದೂ ಮುಖ್ಯ. 1976ರಲ್ಲಿ ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲೆ ಮೂವರು ಸ್ಟಾರ್‌ಗಳನ್ನು 35 ಲಕ್ಷ ಡಾಲರ್‌ಗೆ ಮಾರಿದಾಗ, ಆಟದ ಹಿತಕ್ಕೆ ಒಳ್ಳೇದಲ್ಲ ಅಂತ ಕಮಿಷನರ್ ಬೋವಿ ಕುನ್ ರದ್ದು ಮಾಡಿದರು. ಫಿನ್ಲೆ ಕೋರ್ಟಿಗೆ ಹೋಗಿ ಸೋತರು. ಆ ತೀರ್ಮಾನ ಸರಿಯೋ ತಪ್ಪೋ, ಕುನ್ ಅವರಿಗೆ ಅಂಕಪಟ್ಟಿಯಲ್ಲಿ ಸ್ವಂತ ತಂಡ ಇರಲಿಲ್ಲ. ನಮ್ಮಲ್ಲಿ ಮತ ಹಾಕಿದವರೆಲ್ಲ ಎದುರಾಳಿಗಳು.

ಟ್ರೇಡ್ ರದ್ದಾದ ದಿನ ಆ ಹೊಸಬರು ನನಗೊಂದು ಮೆಸೇಜ್ ಹಾಕಿದರು: "ಆ ಮೂವರು ಹುಡುಗರ ಪುಟ ತೆಗೆದು ನೋಡಿದ್ರಾ?" ನಾನು ನೋಡಿರಲಿಲ್ಲ. ನೋಡಿದ್ದು ಒಂದೇ, ಶಾರ್ಟ್‌ಸ್ಟಾಪ್ ಹೋಗ್ತಿದ್ದಿದ್ದು ನನ್ನದೇ ಡಿವಿಷನ್‌ನಲ್ಲಿ ನನಗಿಂತ ಒಂದು ಸ್ಥಾನ ಮೇಲಿದ್ದ ತಂಡಕ್ಕೆ. ತಿಂಗಳೊಳಗೆ ಅವರು ಬಿಟ್ಟು ಹೋದರು. ಈಗ ಆ ತಂಡವನ್ನು ಕಂಪ್ಯೂಟರೇ ನಡೆಸ್ತಿದೆ. ಆ ಮೂವರು ಮುಂದೆ ಏನಾದರು ಅಂತ ಕೇಳಬೇಡಿ, ಹೇಳಿದ್ರೆ ನೀವೂ ಅದನ್ನು ನೋಡೇ ತೀರ್ಪು ಕೊಡ್ತೀರಿ.